ಮಳೆಗಾಡು ಎಂದರೇನು? ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಹಿಡುವಳಿದಾರರಿಗೂ ಊರಿನ ಮುಖಂಡರಿಗೂ ತಿಳಿವಳಿಕೆ

ಬಯಲುಸೀಮೆಯ ರೈತರಿಗೆ ಮಳೆಗಾಡಿನ ವಿಚಾರವನ್ನು ಹೇಳುವುದರಿಂದ ಪ್ರಯೋಜನವೇನೆಂದು ಮೊದಲ ನೋಟಕ್ಕೆ ತೋರಬಹುದು. ವಿಜಯಪುರ ಜಿಲ್ಲೆಯು ರಾಜ್ಯದಲ್ಲಿ ಅತ್ಯಲ್ಪ ಕಾಡುಳ್ಳ ಜಿಲ್ಲೆಗಳಲ್ಲಿ ಒಂದಾಗಿರುತ್ತದೆ. ಜೋಳ, ತೊಗರಿ, ಕಡಲೆಗಳ ಬೇಸಾಯದಲ್ಲಿಯೇ ಆಯುಷ್ಯವನ್ನು ಕಳೆದ ಇಲ್ಲಿಯ ಅನೇಕ ಹಿರಿಯರು ಅಂಥ ಕಾಡನ್ನು ಕಣ್ಣಾರೆ ಕಂಡಿರಲಾರರು. ಆದಾಗ್ಯೂ ಎರಡು ಕಾರಣಗಳಿಂದ ಈ ವಿಷಯವನ್ನು ಅವರು ಅರಿತಿರುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲನೆಯ ಕಾರಣವು ಸಸಿಗಳಿಗೆ ಸಂಬಂಧಪಟ್ಟದ್ದು. ಕೆಲವು ವರ್ಷಗಳಿಂದೀಚೆಗೆ ಈ ಜಿಲ್ಲೆಯಲ್ಲಿ ಗಿಡ ನೆಡುವ ಉತ್ಸಾಹವು ಬಹಳವಾಗಿ ಹೆಚ್ಚಿ, ಕೋಟಿ ವೃಕ್ಷ ಅಭಿಯಾನವೆಂಬ ಹೆಸರಿನಿಂದ ಊರೂರಿಗೆ ಹಬ್ಬಿತು. ಇದು ಸಂತೋಷದ ಸಂಗತಿ. ಆದರೆ ಅದರ ಬೆನ್ನಿಗೇ "ನಮ್ಮ ಮಡ್ಡಿಯಲ್ಲಿಯೂ ಒಂದು ಮಳೆಗಾಡನ್ನು ಎಬ್ಬಿಸೋಣ, ಮಳೆ ತಾನಾಗಿಯೇ ಬರುವುದು" ಎಂದು ಹೇಳುವವರೂ ಉಂಟಾದರು. ಈ ಮಾತಿನಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದನ್ನು ತಿಳಿಯದೆ ಹಣವನ್ನೂ ನೀರನ್ನೂ ವೆಚ್ಚಮಾಡಿದರೆ ಎರಡು ಬೇಸಿಗೆಗಳೊಳಗಾಗಿ ಸಸಿಗಳು ಒಣಗಿ, ಜನರ ಉತ್ಸಾಹವೂ ಅವುಗಳ ಸಂಗಡಲೇ ಒಣಗುವುದು. ಎರಡನೆಯ ಕಾರಣವು ಇನ್ನೂ ದೊಡ್ಡದು. ಈಗ ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳ ಕೆರೆಗಳನ್ನು ತುಂಬಿಸುತ್ತಿರುವ ಕಾಲುವೆಯ ನೀರಿನ ತವರು ಪಡುವಣ ಘಟ್ಟದ ನಿತ್ಯಹಸುರು ಕಾಡಿನಲ್ಲಿರುತ್ತದೆ. ತವರಿನ ಸುದ್ದಿಯನ್ನು ಕೇಳಿ ತಿಳಿಯದಿದ್ದರೆ ಹೇಗೆ?

ಹೆಸರಿನ ಅರ್ಥ

ಮಳೆಗಾಡು ಎಂಬುದು ಕನ್ನಡಕ್ಕೆ ಹೊಸದಾಗಿ ಬಂದ ಮಾತು. ಕೆಲವರು ಮಳೆಕಾಡು ಎಂದೂ ಬರೆಯುವರು. 1898ರಲ್ಲಿ ಶಿಂಪರ್ ಎಂಬ ಜರ್ಮನ್ ವಿದ್ವಾಂಸನು ಭೂಮಂಡಲದ ಸಸ್ಯಗಳ ಹಂಚಿಕೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಅದರಲ್ಲಿ ಉಷ್ಣವಲಯದ ತೇವದ ಕಾಡಿಗೆ 'ಮಳೆಯ ಕಾಡು' ಎಂಬರ್ಥದ ಜರ್ಮನ್ ಹೆಸರನ್ನು ಕೊಟ್ಟನು. ಅಲ್ಲಿಂದ ಅದು ಇಂಗ್ಲಿಷಿಗೆ ಬಂದು, ತರುವಾಯ ನಮ್ಮ ಭಾಷೆಗಳಿಗೂ ಇಳಿಯಿತು. ಅವನು ಹೇಳಿದ ಲಕ್ಷಣಗಳು ಇಂತಿವೆ: ಕಾಡು ಸದಾಕಾಲವೂ ಹಸುರಾಗಿರಬೇಕು, ಮರಗಳು 30 ಮೀಟರು, ಅಂದರೆ ಸುಮಾರು 100 ಅಡಿಗಳಿಗೆ ಕಡಿಮೆಯಿಲ್ಲದಂತೆ ಎತ್ತರವಾಗಿರಬೇಕು, ದಪ್ಪ ಕಾಂಡದ ಬಳ್ಳಿಗಳೂ, ಮರದ ಮೇಲೆಯೇ ಬೇರೂರಿ ಬದುಕುವ ಅಪ್ಪುಗಿಡಗಳೂ ಹೇರಳವಾಗಿರಬೇಕು. ಬರಿಯ ಮಳೆ ಬಿದ್ದ ಕಾಡೆಲ್ಲ ಮಳೆಗಾಡಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುವುದು.

ಆದರೆ ವಸ್ತುವು ನಮ್ಮವರಿಗೆ ಹೊಸದಲ್ಲ. ಸೊರಬ, ಸಾಗರ, ಸಿದ್ಧಾಪುರ, ಶಿರಸಿಗಳ ಕಡೆಯವರು ಇಂಥ ದಟ್ಟ ಹಸುರು ಕಾಡನ್ನು 'ಕಾನು' ಎಂದು ಎಷ್ಟೋ ಕಾಲದಿಂದ ಕರೆಯುತ್ತ ಬಂದಿದ್ದಾರೆ. ಬೇಸಿಗೆಯಲ್ಲಿ ಎಲೆಯುದುರಿಸುವ ಸಾಧಾರಣ ಅಡವಿಗೆ ಆ ಹೆಸರು ಸಲ್ಲದು. ಕಾನುಗಳಲ್ಲಿ ಕಾಳುಮೆಣಸಿನ ಬಳ್ಳಿಯು ಬೆಳೆಯುತ್ತಿದ್ದುದರಿಂದಲೂ, ಅವುಗಳ ಬುಡದಿಂದ ಹೊರಡುವ ಒರತೆಗಳಿಂದ ಕೆಳಗಿನ ಗದ್ದೆ ತೋಟಗಳಿಗೆ ನೀರು ದೊರೆಯುತ್ತಿದ್ದುದರಿಂದಲೂ ಊರವರು ಅವುಗಳನ್ನು ಕಡಿಯದೆ ಕಾಪಾಡುತ್ತಿದ್ದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳನ್ನೇ ಕುರಿತು ವರದಿಯೊಂದನ್ನು ಬರೆದರು. ಜರ್ಮನ್ ಪಂಡಿತನು ಹೆಸರಿಡುವುದಕ್ಕೆ 30 ವರ್ಷ ಮೊದಲೇ ನಮ್ಮ ರೈತರ ಮಾತು ಸರ್ಕಾರದ ಕಾಗದಪತ್ರಗಳನ್ನು ಸೇರಿದ್ದಿತು.

ಇಲ್ಲಿ ಎರಡು ತಪ್ಪುಗಳನ್ನು ತಿದ್ದಿಕೊಳ್ಳುವುದು ಲೇಸು. 'ಮಲೆನಾಡು' ಎಂಬುದನ್ನು ಕೆಲವರು 'ಮಳೆಯ ನಾಡು' ಎಂದು ತಿಳಿಯುವರು. ಮಲೆ ಎಂದರೆ ಬೆಟ್ಟ; ಮಲೆನಾಡು ಎಂದರೆ ಬೆಟ್ಟದ ನಾಡು. ಅಲ್ಲಿ ಮಳೆಯೂ ಹೆಚ್ಚಾಗಿರುವುದು ನಿಜವೇ ಹೊರತು ಹೆಸರು ಅದರಿಂದ ಬಂದುದಲ್ಲ. ಎರಡನೆಯದು ಇನ್ನೂ ವಿನೋದವಾದುದು. ದಟ್ಟವಾದ ಕಾಡಿಗೆ ಎಲ್ಲರೂ 'ಜಂಗಲ್' ಎನ್ನುತ್ತಾರಷ್ಟೆ. ಆ ಮಾತು ಸಂಸ್ಕೃತದ 'ಜಾಂಗಲ' ಶಬ್ದದಿಂದ ಬಂದಿರುತ್ತದೆ. ಚರಕ ಸುಶ್ರುತರ ಆಯುರ್ವೇದ ಗ್ರಂಥಗಳಲ್ಲಿ ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸಿದ್ದಾರೆ. ಆನೂಪವೆಂದರೆ ನೀರು ಕೆಸರುಗಳಿಂದ ಕೂಡಿದ ತಂಪು ನೆಲ. ಜಾಂಗಲವೆಂದರೆ ನೀರು ಕಡಿಮೆಯಾಗಿ, ಬಯಲು ಹೆಚ್ಚಾಗಿ, ಬನ್ನಿ ಬೋರೆಗಳಂಥ ಮುಳ್ಳುಗಿಡಗಳು ಅಲ್ಲಲ್ಲಿ ನಿಂತು, ಜಿಂಕೆಗಳು ಓಡಾಡುವ ಒಣ ನೆಲ. ಹಾಗಾದರೆ ಹಳೆಯ ಅರ್ಥವನ್ನು ಹಿಡಿದು ನೋಡಿದಲ್ಲಿ ನಿಜವಾದ 'ಜಂಗಲ್' ಯಾವುದು? ಆಗುಂಬೆಯಲ್ಲ, ತಿಕೋಟಾದ ಮಡ್ಡಿ! ಆ ಗ್ರಂಥಕಾರರು ಜಾಂಗಲ ಭೂಮಿಯನ್ನು ಹೀನವೆಂದು ಎಣಿಸಲಿಲ್ಲ, ಆರೋಗ್ಯಕ್ಕೆ ಹಿತವಾದುದೆಂದೇ ಹೊಗಳಿದರು ಎಂಬುದನ್ನೂ ನಮ್ಮ ಸೀಮೆಯವರು ನೆನಪಿನಲ್ಲಿಡಬಹುದು.

ಎಷ್ಟು ಮಳೆ, ಎಂಥ ಮಳೆ

ವಿಜಯಪುರದಲ್ಲಿ ವರ್ಷಕ್ಕೆ ಸರಾಸರಿ 580 ಮಿಲಿಮೀಟರಿನ ಆಸುಪಾಸಿನಲ್ಲಿ, ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 23 ಅಂಗುಲ, ಮಳೆಯಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮೀರಿ ಬೀಳುವುದು. ಅಂದರೆ ನಮ್ಮಲ್ಲಿ 12 ವರ್ಷಗಳಲ್ಲಿ ಬೀಳುವಷ್ಟು ಅಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ. ಮಳೆಗಾಡು ಬೆಳೆಯಬೇಕಾದರೆ ಸಾಮಾನ್ಯವಾಗಿ 2,000 ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆ ಬೇಕೆಂದು ಬಲ್ಲವರು ಹೇಳುವರು.

ಇಷ್ಟೊಂದು ವ್ಯತ್ಯಾಸಕ್ಕೆ ಕಾರಣವು ಘಟ್ಟದ ಗೋಡೆ. ನೈಋತ್ಯದ ಗಾಳಿಯು ಅರಬ್ಬೀ ಸಮುದ್ರದ ಮೇಲಿನಿಂದ ತೇವವನ್ನು ಹೊತ್ತು ಬರುತ್ತದೆ. ಘಟ್ಟವು ಅಡ್ಡಬಂದಾಗ ಅದು ಮೇಲೇರಲೇಬೇಕು. ಏರಿದ ಗಾಳಿ ತಣ್ಣಗಾಗಿ ತನ್ನ ಹೊರೆಯನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಗೋಡೆಯನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಅದು ಕಾದು ಒಣಗಿ, ವಿಜಯಪುರಕ್ಕೆ ಬರುವ ವೇಳೆಗೆ ಧೂಳನ್ನು ಎಬ್ಬಿಸುವ ಗಾಳಿಯಾಗಿರುತ್ತದೆ. ಆಷಾಢದ ಗಾಳಿಯಲ್ಲಿ ಮೋಡಗಳು ತಲೆಯ ಮೇಲೆ ಓಡುತ್ತಿದ್ದರೂ ಹನಿ ಬೀಳದಿರುವುದನ್ನು ಕಂಡು ಬೇಸತ್ತಿರುವ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಆರಿದ್ರಾ ಪುನರ್ವಸು ಮಳೆಗಳು ಘಟ್ಟವನ್ನು ತೋಯಿಸುತ್ತಿರುವಾಗ ನಾವು ಕಾದಿರುತ್ತೇವೆ. ನಮಗೆ ಹದವಾದ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ಹುಬ್ಬಿ ಉತ್ತರಿಗಳ ಕಾಲದಲ್ಲಿ. ಹಿಂಗಾರಿ ಜೋಳವು ಈ ಸೀಮೆಯ ಮುಖ್ಯ ಬೆಳೆಯಾದುದು ಈ ಕಾರಣದಿಂದಲೇ.

ಆದರೆ ಮೊತ್ತವೊಂದೇ ಸಾಲದು, ಹಂಚಿಕೆಯೂ ಬೇಕು. ಕೃಷ್ಣಾ ನದಿಯು ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿಲಿಮೀಟರಿಗೆ ಮೀರಿ ಮಳೆಯುಂಟು. ಹಾಗಿದ್ದರೂ ಅಲ್ಲಿಯ ಕಾಡು ಕುಳ್ಳಾದದ್ದು. ಸದಾ ಹಸುರಾಗಿದ್ದರೂ ನೂರಡಿಯ ಮರಗಳಿಲ್ಲ. ಮಳೆಯೆಲ್ಲವೂ ನಾಲ್ಕು ತಿಂಗಳೊಳಗೆ ಸುರಿದು, ಉಳಿದ ಏಳೆಂಟು ತಿಂಗಳು ಒಣಗಿರುವುದೂ, ಗಾಳಿಯ ಹೊಡೆತವೂ, ತೆಳುವಾದ ಜಂಬಿಟ್ಟಿಗೆ ಮಣ್ಣೂ ಸೇರಿ ಮರಗಳನ್ನು ಗಿಡ್ಡಮಾಡಿರುತ್ತವೆ. ಘಟ್ಟವನ್ನು ಹಿಡಿದು ದಕ್ಷಿಣಕ್ಕೆ ಸಾಗಿದಷ್ಟೂ ಒಣ ತಿಂಗಳುಗಳು ಕಡಿಮೆಯಾಗಿ ಮರಗಳು ಎತ್ತರವಾಗುತ್ತ ಹೋಗುವುವು. ಶಿಂಪರನ ಲಕ್ಷಣಕ್ಕೆ ಪೂರ್ತಿಯಾಗಿ ಒಪ್ಪುವ ಕಾಡನ್ನು ನೋಡಬೇಕೆಂದರೆ ಆಗುಂಬೆ, ಕುದುರೆಮುಖ, ಕೊಡಗಿನ ಪುಷ್ಪಗಿರಿಗಳ ಕಡೆಗೆ ಹೋಗಬೇಕು.

ಒಳಹೊಕ್ಕು ನೋಡಿದರೆ

ಬಿಸಿಲಿಗೆ ಒಗ್ಗಿದ ಕಣ್ಣಿಗೆ ಅಂಥ ಕಾಡಿನೊಳಗೆ ಮೊದಲು ಕಾಣುವುದು ಕತ್ತಲೆ. ಉತ್ತರ ಕನ್ನಡದ ಸಿದ್ಧಾಪುರ ತಾಲೂಕಿನಲ್ಲಿ ಒಂದು ಕಾನಿಗೆ ಕತ್ತಲೆಕಾನು ಎಂದೇ ಹೆಸರು. ಮೇಲೆ ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುವುದು. ಆದುದರಿಂದ ನೆಲದ ಮೇಲೆ ಹುಲ್ಲಿಲ್ಲ. ದನಗಳಿಗೆ ಮೇವಿಲ್ಲದ ಕಾಡು ಎಂದರೆ ನಮ್ಮ ಕುರಿಗಾರರು ನಂಬಲಾರರು. ಆದರೆ ಸಂಗತಿ ಹಾಗಿರುತ್ತದೆ.

ಈ ಕಾಡನ್ನು ಮಾಳಿಗೆಯ ಮೇಲೆ ಮಾಳಿಗೆಯಿರುವ ಮನೆಗೆ ಹೋಲಿಸಬಹುದು. ಎಲ್ಲಕ್ಕೂ ಮೇಲೆ ಅಲ್ಲೊಂದು ಇಲ್ಲೊಂದು ಮಹಾವೃಕ್ಷವು ತಲೆಯೆತ್ತಿರುತ್ತದೆ. ಅದರ ಕೆಳಗೆ ಧೂಪ, ಹೆಬ್ಬಲಸು, ನಾಗಸಂಪಿಗೆ ಮೊದಲಾದವು ಒಂದಕ್ಕೊಂದು ತಲೆ ತಾಗಿಸಿ ಚಪ್ಪರ ಹಾಕಿದಂತೆ ನಿಂತಿರುವುವು. ಅದಕ್ಕೂ ಕೆಳಗೆ ಉಪ್ಪಾಗೆ, ಮುರುಗಲು ಮುಂತಾದ ನೆರಳನ್ನು ಸಹಿಸುವ ಮರಗಳು. ಎಲ್ಲಕ್ಕೂ ಕೆಳಗೆ ಬೆತ್ತ, ಜರಿಗಿಡ, ಮೇಲಿನ ಮರವೊಂದು ಯಾವಾಗ ಬಿದ್ದು ಬೆಳಕು ಬಂದೀತೆಂದು ವರ್ಷಾನುವರ್ಷ ಕಾದಿರುವ ಸಸಿಗಳು. ಹಿರಿಯ ಮರಗಳ ಬುಡದಲ್ಲಿ ಹಲಗೆಯಂತೆ ಚಾಚಿದ ಆನಿಕೆಯ ಬೇರುಗಳಿರುವುವು. ಮಣ್ಣು ತೆಳ್ಳಗಿರುವುದರಿಂದ ಬೇರು ಆಳಕ್ಕೆ ಹೋಗದೆ ಹೀಗೆ ಅಗಲಕ್ಕೆ ನಿಂತು ಮರವನ್ನು ಹಿಡಿದಿರುತ್ತದೆ. ಅನೇಕ ಎಲೆಗಳ ತುದಿಯು ಬಾಲದಂತೆ ಉದ್ದವಾಗಿರುತ್ತದೆ. ಎಲೆಯ ಮೇಲೆ ಬಿದ್ದ ನೀರು ಅದರಿಂದ ಬೇಗನೆ ಜಾರಿಹೋಗುವುದು. ನಮ್ಮ ಜಾಲಿಯ ಎಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ: ಒಂದು ನೀರನ್ನು ಕಳೆದುಕೊಳ್ಳಲಾರದೆ ಸಣ್ಣದಾಯಿತು, ಇನ್ನೊಂದು ನೀರನ್ನು ಕಳೆಯುವುದಕ್ಕೆಂದೇ ಬಾಲ ಬಿಟ್ಟಿತು.

ಕತ್ತಲೆಕಾನಿನ ಹಳ್ಳದ ಜೌಗಿನಲ್ಲಿ ಜಾಜಿಕಾಯಿಯ ಜಾತಿಗೆ ಸೇರಿದ ರಾಮಪತ್ರೆಯ ಮರಗಳುಂಟು. ಅವುಗಳ ಬೇರುಗಳು ಕೆಸರಿನಿಂದ ಮೊಣಕಾಲಿನಂತೆ ಮೇಲಕ್ಕೆ ಬಾಗಿ ಉಸಿರಾಡಿ ಮತ್ತೆ ಕೆಳಗಿಳಿಯುವುವು. ಮಳೆಗಾಡಿನಲ್ಲಿ ವಾಸಿಸುವ ಪ್ರಾಣಿಗಳ ಪಟ್ಟಿಯನ್ನೆಲ್ಲ ಇಲ್ಲಿ ಕೊಡಲು ಸ್ಥಳವಿಲ್ಲ. ಮರದಿಂದ ನೆಲಕ್ಕಿಳಿಯುವುದೇ ಅಪರೂಪವಾದ ಸಿಂಗಳೀಕ, ಹಣ್ಣು ನುಂಗಿ ಬೀಜವನ್ನು ದೂರ ಬಿತ್ತುವ ಮಂಗಟ್ಟೆ ಹಕ್ಕಿ, ಇತರ ಹಾವುಗಳನ್ನೇ ತಿನ್ನುವ ಕಾಳಿಂಗಸರ್ಪ, ಇಷ್ಟನ್ನು ಹೆಸರಿಸಿದರೆ ಸಾಕು. ಪ್ರಪಂಚದಲ್ಲಿ ಅಮೆಜಾನ್, ಕಾಂಗೋ ನದಿಗಳ ಬಯಲುಗಳಲ್ಲಿಯೂ ಬೋರ್ನಿಯೋ ಮೊದಲಾದ ದ್ವೀಪಗಳಲ್ಲಿಯೂ ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಮಳೆಗಾಡುಗಳಿವೆ. ನಮ್ಮದು ಚಿಕ್ಕದಾದರೂ ಬೇರೆಲ್ಲಿಯೂ ಇಲ್ಲದ ಜೀವಜಾತಿಗಳನ್ನು ಒಳಗೊಂಡಿರುವುದರಿಂದ 2012ರಲ್ಲಿ ಪಡುವಣ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಅವುಗಳಲ್ಲಿ 10 ಕರ್ನಾಟಕದಲ್ಲಿವೆ.

ಹಸುರು ಕಾಡು, ಬಡ ಮಣ್ಣು

ಹಿಡುವಳಿದಾರರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸತಕ್ಕ ಸಂಗತಿಯು ಇದಾಗಿರುತ್ತದೆ. ಇಷ್ಟು ದಟ್ಟವಾಗಿ ಬೆಳೆಯುವ ಕಾಡಿನ ಮಣ್ಣು ಬಹಳ ಫಲವತ್ತಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ನಿಜವು ಇದಕ್ಕೆ ವಿರುದ್ಧ. ಸಾವಿರಾರು ವರ್ಷಗಳಿಂದ ಸುರಿದ ಮಳೆಯು ಮಣ್ಣಿನ ಸುಣ್ಣ, ಪೊಟ್ಯಾಷ್ ಮೊದಲಾದ ಸಾರವನ್ನು ಬಸಿದು ತೊಳೆದುಹಾಕಿರುತ್ತದೆ. ಉಳಿದುದು ಕಬ್ಬಿಣದ ಕೆಂಪು ಬಣ್ಣದ ಹುಳಿ ಮಣ್ಣು. ಹಾಗಾದರೆ ಕಾಡು ಏನನ್ನು ತಿಂದು ಬೆಳೆಯುತ್ತದೆ? ತನ್ನನ್ನೇ ತಿಂದು ಬೆಳೆಯುತ್ತದೆ. ಬಿದ್ದ ಎಲೆ, ಕೊಂಬೆ, ಹಣ್ಣುಗಳನ್ನು ಗೆದ್ದಲು, ಎರೆಹುಳು, ಅಣಬೆಗಳು ಬೇಗನೆ ಕೊಳೆಯಿಸುವುವು. ಆ ಸಾರವು ಕೆಳಕ್ಕಿಳಿದು ಹೋಗುವ ಮೊದಲೇ ಮೇಲುಮೇಲಿನ ಬೇರುಗಳು ಅದನ್ನು ಹೀರಿಕೊಳ್ಳುವುವು. ಕಾಡಿನ ಬಂಡವಾಳವು ಮಣ್ಣಿನಲ್ಲಿಲ್ಲ, ಮರಗಳ ಮೈಯಲ್ಲಿರುತ್ತದೆ.

ಘಟ್ಟದಲ್ಲಿ ಹಿಂದೆ ನಡೆಯುತ್ತಿದ್ದ ಕುಮರಿ ಬೇಸಾಯದವರಿಗೆ ಇದು ಚೆನ್ನಾಗಿ ತಿಳಿದಿತ್ತು. ಕಾಡನ್ನು ಕಡಿದು ಸುಟ್ಟರೆ ಬೂದಿಯ ಬಲದಿಂದ ಒಂದೆರಡು ಬೆಳೆ ಒಳ್ಳೆಯದಾಗಿ ಬರುವುದು. ಮೂರನೆಯ ವರ್ಷಕ್ಕೆ ನೆಲವು ಸೋಲುವುದು. ಆಗ ಅವರು ಅದನ್ನು ಎಷ್ಟೋ ವರ್ಷ ಬೀಳುಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಅಡಕೆ ತೋಟದವರೂ ಇದೇ ಕಾರಣದಿಂದ ಸೊಪ್ಪಿನ ಬೆಟ್ಟದ ಸೊಪ್ಪನ್ನು ತಂದು ತೋಟಕ್ಕೆ ಹಾಕುತ್ತಾರೆ.

ನಮ್ಮ ಎರೆಭೂಮಿಯ ವಿಷಯವು ಇದಕ್ಕೆ ತಿರುವುಮುರುವು. ಕರಿಗಲ್ಲು ಸವೆದು ಆದ ಈ ಕಪ್ಪು ಜೇಡಿಮಣ್ಣು ಸುಣ್ಣವನ್ನೂ ಇತರ ಸಾರವನ್ನೂ ತೇವವನ್ನೂ ತನ್ನಲ್ಲಿ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಕಡಿಮೆಯಾದುದರಿಂದಲೇ ಅದರ ಸಂಪತ್ತು ತೊಳೆದುಹೋಗದೆ ಉಳಿದಿರುತ್ತದೆ. ಡೋಣಿ ನದಿಯ ದಂಡೆಯ ಜೋಳದ ಬೆಳೆಯು ಗಾದೆಯ ಮಾತಾಗಿರುವುದು ಸುಮ್ಮನೆ ಅಲ್ಲ. ಆಗುಂಬೆಯ ಹಸುರನ್ನು ಕಂಡು ತಿಕೋಟಾದವರು ನಿಟ್ಟುಸಿರು ಬಿಡಬೇಕಾದ ಅವಶ್ಯಕತೆಯಿಲ್ಲ. ಇನ್ನೂ ಒಂದು ಮಾತು: ತಿಕೋಟಾದ ದ್ರಾಕ್ಷಿಯೂ ಒಣದ್ರಾಕ್ಷಿಯೂ ಹೆಸರುವಾಸಿಯಾಗಿರುವುದು ಒಣ ಹವೆಯಿಂದಲೇ. ಮಳೆಗಾಡಿನ ಹವೆಯು ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದರೆ ತೋಟಗಳಿಗೆ ಬೂಜುರೋಗವು ತಗಲಿ, ಒಣಗಲು ಹಾಕಿದ ಹಣ್ಣು ಶೆಡ್ಡಿನಲ್ಲಿಯೇ ಕೊಳೆಯುವುದು.

ಕಾಡು ಮಳೆಯನ್ನು ತರುವುದೇ?

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದೆಂದಾಗಲಿ ಇಲ್ಲವೆಂದಾಗಲಿ ಉತ್ತರ ಹೇಳುವವರನ್ನು ನಂಬತಕ್ಕದ್ದಲ್ಲ. ಘಟ್ಟದ ಮಳೆಗೆ ಮುಖ್ಯ ಕಾರಣ ಸಮುದ್ರ, ಗಾಳಿ ಮತ್ತು ಬೆಟ್ಟ. ಮಳೆಯಿಂದ ಕಾಡಾಯಿತೇ ಹೊರತು ಕಾಡಿನಿಂದ ಮುಂಗಾರು ಹುಟ್ಟಲಿಲ್ಲ. ಆದರೆ ಕಾಡು ಸುಮ್ಮನೆ ನಿಂತು ಮಳೆಯನ್ನು ಕುಡಿಯುವುದೂ ಇಲ್ಲ. ಎಲೆಗಳ ಮೂಲಕ ಬಹಳಷ್ಟು ನೀರನ್ನು ಆವಿಯಾಗಿ ಗಾಳಿಗೆ ಹಿಂದಿರುಗಿಸುತ್ತದೆ, ಆ ಆವಿಯು ಗಾಳಿ ಹೋದ ದಿಕ್ಕಿನಲ್ಲಿ ಮತ್ತೆ ಮಳೆಯಾಗುವುದುಂಟು. 2018ರಲ್ಲಿ ಮುಂಬಯಿಯ ಐ.ಐ.ಟಿ.ಯ ವಿದ್ವಾಂಸರು ಲೆಕ್ಕಹಾಕಿ, ತಮಿಳುನಾಡಿಗೆ ನೈಋತ್ಯ ಮುಂಗಾರಿನಲ್ಲಿ ಬೀಳುವ ಮಳೆಯ ಗಣನೀಯ ಭಾಗವು ಪಡುವಣ ಘಟ್ಟದ ಕಾಡುಗಳ ಉಸಿರಿನಿಂದ ಬಂದುದೆಂದು ತೋರಿಸಿದರು. ಇದು ನೂರಾರು ಮೈಲಿ ಉದ್ದದ ಕಾಡಿನ ಶಕ್ತಿ. ಊರ ಹೊರಗಿನ 20 ಎಕರೆ ಗಾಯರಾಣದಲ್ಲಿ ನೆಟ್ಟ ಗಿಡಗಳು ಆ ಊರಿಗೆ ಮಳೆಯನ್ನು ಕರೆಯುವುವೆಂದು ಎಣಿಸಬಾರದು. ಅವು ನೆರಳನ್ನು ಕೊಡುವುವು, ಗಾಳಿಯನ್ನು ತಡೆಯುವುವು, ಬಿದ್ದ ಮಳೆಯನ್ನು ಓಡಗೊಡದೆ ನೆಲಕ್ಕಿಳಿಸುವುವು, ಬೇಸಿಗೆಯಲ್ಲಿ ಆಡುಕುರಿಗಳಿಗೆ ಸೊಪ್ಪಾಗುವುವು. ಅಷ್ಟು ಲಾಭವು ಸಾಲದೇ?

ನೀರಿನ ದಾರಿ

ಕಾಡಿನ ನೆಲವು ನೀರನ್ನು ಹೇಗೆ ಹಿಡಿಯುತ್ತದೆಂಬುದನ್ನು ಎರಡು ನದಿಗಳನ್ನು ನೋಡಿ ತಿಳಿಯಬಹುದು. ಡೋಣಿಯು ಜತ್ತದ ಕಡೆಯ ಒಣ ಬಯಲಿನಲ್ಲಿ ಹುಟ್ಟಿ ನಮ್ಮ ಹೊಲಗಳ ನಡುವೆಯೇ ಹರಿಯುತ್ತದೆ. ಅದರ ತಲೆಯ ಮೇಲೆ ಕಾಡಿಲ್ಲ. ದೊಡ್ಡ ಮಳೆ ಬಂದ ರಾತ್ರಿ ದಂಡೆ ಮೀರಿ ಬೆಳೆಯನ್ನು ಕೊಚ್ಚುವುದು, ಸ್ವಲ್ಪ ಕಾಲದಲ್ಲಿಯೇ ಸೊರಗುವುದು. ನೀರಿನಲ್ಲಿ ಉಪ್ಪಿನಂಶವೂ ಉಂಟು. ಕೃಷ್ಣೆಯು ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಂಡು, ವಾರಣಾ, ಪಂಚಗಂಗಾ, ದೂಧಗಂಗೆಗಳನ್ನು ಸೇರಿಸಿಕೊಂಡು ಬರುತ್ತದೆ. ಇವೆಲ್ಲವೂ ಘಟ್ಟದ ನೆತ್ತಿಯಿಂದ ಹೊರಟವು. ಕೊಯ್ನಾ, ಚಾಂದೋಲಿ, ರಾಧಾನಗರಿಗಳ ನಿತ್ಯಹಸುರು ಕಾಡುಗಳು ಇವುಗಳ ತಲೆಯ ಮೇಲಿವೆ. ಅಲ್ಲಿ ಎಲೆಗೊಬ್ಬರವು ಸ್ಪಂಜಿನಂತೆ ನೆಲವನ್ನು ಮುಚ್ಚಿರುತ್ತದೆ. ಮಳೆಹನಿಯು ಮೊದಲು ಎಲೆಗೆ, ಅಲ್ಲಿಂದ ಕೊಂಬೆಗೆ, ಅಲ್ಲಿಂದ ಗೊಬ್ಬರಕ್ಕೆ ಇಳಿದು ಮೆಲ್ಲಗೆ ಮಣ್ಣನ್ನು ಸೇರುತ್ತದೆ. ಬೇರು ಹುಳುಗಳು ಮಾಡಿದ ಸಾವಿರ ಕಂಡಿಗಳಲ್ಲಿ ಇಂಗಿ, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಒರತೆಯಾಗಿ ಹೊರಡುತ್ತದೆ. ಎರಡು ನದಿಗಳ ವ್ಯತ್ಯಾಸಕ್ಕೆ ಕಾಡೊಂದೇ ಕಾರಣವೆಂದು ಹೇಳುವುದು ಸತ್ಯಕ್ಕೆ ದೂರ. ಕೃಷ್ಣೆಯ ಜಲಾನಯನವು ಎಷ್ಟೋ ಪಾಲು ದೊಡ್ಡದು, ಅಣೆಕಟ್ಟುಗಳೂ ಇವೆ. 2019ರ ಆಗಸ್ಟಿನಲ್ಲಿ ಘಟ್ಟದಲ್ಲಿ ಮಿತಿಮೀರಿ ಸುರಿದಾಗ ಕೃಷ್ಣೆಯೂ ಉಕ್ಕಿ ಬಹಳ ಹಾನಿಯನ್ನು ಮಾಡಿದಳು; ಅಂಥ ಮಳೆಯನ್ನು ಯಾವ ಕಾಡೂ ಪೂರ್ತಿಯಾಗಿ ತಡೆಯಲಾರದು. ಆದರೆ ಘಟ್ಟದ ಕಾಡು ಕಡಿದುಹೋದರೆ ಮಳೆಯ ನೀರಿನೊಡನೆ ಮಣ್ಣೂ ಇಳಿದು ಬರುವುದು, ಆ ಹೂಳು ಕೊನೆಗೆ ಅಣೆಕಟ್ಟುಗಳ ಹೊಟ್ಟೆಯನ್ನೇ ಸೇರುವುದು ಎಂಬುದರಲ್ಲಿ ಸಂಶಯವಿಲ್ಲ.

ಆಲಮಟ್ಟಿಯ ಜಲಾಶಯವು ಜುಲೈ ಆಗಸ್ಟುಗಳಲ್ಲಿ ತುಂಬುವುದನ್ನು ಎಲ್ಲರೂ ನೋಡಿದ್ದೀರಿ. ಆ ಕಾಲದಲ್ಲಿ ನಮ್ಮ ಹೊಲಗಳಲ್ಲಿ ಹಲವು ವರ್ಷ ಒಂದು ಹದ ಮಳೆಯೂ ಆಗಿರುವುದಿಲ್ಲ. ತುಂಬಿದ ನೀರು ಘಟ್ಟದ್ದು. ಮುಳವಾಡ ಏತ ನೀರಾವರಿಯು ಅದನ್ನು ಆಲಮಟ್ಟಿಯ ಹಿನ್ನೀರಿನಿಂದ ಎತ್ತುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯು ಜಮಖಂಡಿಯ ಕಡೆಯಿಂದ ಕೃಷ್ಣೆಯ ನೀರನ್ನು ಎತ್ತಿ ಬಬಲೇಶ್ವರ ತಿಕೋಟಾಗಳ ಕೆರೆ ಕಾಲುವೆಗಳಿಗೆ ಕೊಡುತ್ತದೆ. ಆದಿಲಶಾಹಿ ಅರಸರು ಬೇಗಂ ತಲಾಬ್, ತಾಜ್ ಬಾವಡಿ, ಮಮದಾಪುರದ ಕೆರೆ ಮೊದಲಾದವನ್ನು ಕಟ್ಟಿಸಿದಾಗ ಈ ನೆಲದ ಮೇಲೆ ಬಿದ್ದ ಮಳೆಯನ್ನೇ ಕೂಡಿಹಾಕಬೇಕಾಗಿತ್ತು. ಈಗ ಆ ಸೀಮೆಯ ಕೆರೆಗಳಿಗೆ 200 ಕಿಲೋಮೀಟರಿಗೂ ಹೆಚ್ಚು ದೂರದ ಕಾಡಿನ ನೀರು ಬಂದು ಬೀಳುತ್ತಿರುವುದು ಸಣ್ಣ ಸಂಗತಿಯಲ್ಲ.

ಈ ನೀರಿನ ಸಂಗಡ ಒಂದು ಅಪಾಯವೂ ಬಂದಿರುತ್ತದೆ. ಘಟ್ಟದ ಮಳೆಯು ಅಲ್ಲಿಯ ಮಣ್ಣಿನ ಉಪ್ಪನ್ನು ಎಂದೋ ತೊಳೆದು ಸಾಗಿಸಿತೆಂದು ಮೇಲೆ ಹೇಳಿದೆವು. ನಮ್ಮ ಮಣ್ಣಿನ ಉಪ್ಪು ಹಾಗೆ ಹೋಗಿಲ್ಲ, ಆಳದಲ್ಲಿ ಕುಳಿತಿರುತ್ತದೆ. ಕಾಲುವೆ ಬಂತೆಂದು ಎರೆಹೊಲಕ್ಕೆ ಬೇಕಾಬಿಟ್ಟಿಯಾಗಿ ನೀರನ್ನು ಬಿಟ್ಟರೆ ಆ ಉಪ್ಪು ಕರಗಿ, ಬಿಸಿಲಿನ ಎಳೆತಕ್ಕೆ ನೀರಿನೊಡನೆ ಮೇಲಕ್ಕೆ ಬಂದು, ನೀರು ಆರಿದ ಮೇಲೆ ಬಿಳಿಯ ಹೊದಿಕೆಯಾಗಿ ನಿಲ್ಲುವುದು. ಹೊಲವು ಸವಳಾಗಿ ಹೋಗುವುದೆಂದರೆ ಇದೇ. ಆದಕಾರಣ ಕಾಲುವೆ ಮುಟ್ಟಿದ ಊರುಗಳಲ್ಲಿ ನೀರು ಬರುವ ದಾರಿಯಷ್ಟೇ ಎಚ್ಚರದಿಂದ ಬಸಿದು ಹೋಗುವ ದಾರಿಯನ್ನೂ ನೋಡತಕ್ಕದ್ದು. ಊರಿನ ಹಳ್ಳಗಳನ್ನು ಒತ್ತರಿಸಿ ಹೊಲಮಾಡಿಕೊಳ್ಳಲು ಗೌಡರಾಗಲಿ ಪಂಚಾಯತಿಯ ಹಿರಿಯರಾಗಲಿ ಎಡೆಗೊಡಬಾರದು. ಬಸಿನೀರು ಹೊರಡುವುದು ಆ ಹಳ್ಳಗಳಿಂದಲೇ.

ನಮ್ಮಲ್ಲಿ ಯಾವುದನ್ನು ನೆಡಬೇಕು

ಧೂಪ, ನಾಗಸಂಪಿಗೆ ಮೊದಲಾದ ಕಾನಿನ ಮರಗಳ ಸಸಿಗಳನ್ನು ಬೇಡಿ ತರುವುದು ವ್ಯರ್ಥ. ಅಂಥ ಅನೇಕ ಮರಗಳ ಬೀಜವು ಕೆಲವು ದಿನ ಒಣಗಿದರೆ ಮೊಳಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಎಳೆಯ ಸಸಿಗೆ ನೆರಳೂ ತೇವದ ಗಾಳಿಯೂ ಬೇಕು. ವಿಜಯಪುರದ ಬಿಸಿಲಾದರೋ ವರ್ಷದಲ್ಲಿ ಬೀಳುವ ಮಳೆಯ ಎರಡು ಪಟ್ಟಿಗೂ ಹೆಚ್ಚು ನೀರನ್ನು ಆರಿಸಬಲ್ಲದು. ಟ್ಯಾಂಕರಿನಿಂದ ನೀರು ಹೊಯ್ದು ಬದುಕಿಸಿದ ನಾಲ್ಕು ಮರಗಳು ಮಳೆಗಾಡಾಗಲಾರವು.

ಈ ನೆಲಕ್ಕೆ ಒಗ್ಗಿದವು ಬೇವು, ಬನ್ನಿ, ಕರಿಜಾಲಿ, ಹುಣಸೆ, ಬೋರೆ, ಹೊಂಗೆ, ಕಮರ. ಊರ ಬಾಗಿಲಲ್ಲಿಯೂ ಕೆರೆಯ ಏರಿಯ ಕೆಳಗೂ ಆಲ ಅರಳಿಗಳು ಚೆನ್ನಾಗಿ ಬರುವುವು. ಆಳವಾದ ಎರೆಯಲ್ಲಿ ಬೇಸಿಗೆಗೆ ನೆಲ ಬಿರಿದು ಎಳೆಯ ಬೇರುಗಳು ಹರಿಯುವುದರಿಂದ ಗುಂಡಿಯನ್ನು ದೊಡ್ಡದಾಗಿ ತೋಡಿ ಮಸಾರಿ ಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿ ತುಂಬಬೇಕು. ಸವಳು ತೋರಿದ ಜಾಗದಲ್ಲಿ ಕರಿಜಾಲಿ, ಹೊಂಗೆ, ಬೇವುಗಳನ್ನಲ್ಲದೆ ಬೇರೆಯದನ್ನು ಪ್ರಯತ್ನಿಸದಿರುವುದು ಮೇಲು. ಬಯಲಿನ ಹುಲ್ಲುಗಾವಲನ್ನೆಲ್ಲ ಅಗೆದು ಮರ ನೆಡಬೇಕೆಂಬ ಹಟವೂ ಸಲ್ಲದು. ಹುಲ್ಲು ಕುರುಚಲುಗಳ ಬಯಲು ಹಾಳುನೆಲವಲ್ಲ. ಅದು ಈ ಮಳೆಗೆ ತಕ್ಕಂತೆ ಸೃಷ್ಟಿಯೇ ಮಾಡಿದ ಏರ್ಪಾಡು, ಕುರಿಗಾರರ ಜೀವನವೂ ಅದರ ಮೇಲಿರುತ್ತದೆ.

ಸಸಿಗಳನ್ನು ಮೃಗಶಿರಾ ಮಳೆಯ ಆಸೆಗೆ ಬಿದ್ದು ಬೇಗನೆ ನೆಟ್ಟು ಕೈಕಟ್ಟಿ ಕೂರುವುದಕ್ಕಿಂತ, ನೆಲ ಚೆನ್ನಾಗಿ ತೊಯ್ದ ಮೇಲೆ ನೆಡುವುದು ವಾಸಿ. ಮೊದಲ ಎರಡು ಬೇಸಿಗೆಗಳಲ್ಲಿ ಎಂಟು ಹತ್ತು ದಿನಗಳಿಗೊಮ್ಮೆ ಬುಡಕ್ಕೆ ನೀರು ಕೊಟ್ಟು, ಕಣಿಕೆಯ ಕಸವನ್ನು ಹೊದಿಸಿ, ಆಡುಗಳು ಮುಟ್ಟದಂತೆ ಜಾಲಿಯ ಮುಳ್ಳನ್ನು ಕಟ್ಟಬೇಕು. ಆ ಹೊದಿಕೆಯು ಕೊಳೆತು ಮಣ್ಣಿಗೆ ಸೇರುವುದನ್ನು ಕೆದಕಿ ನೋಡಿದರೆ, ಕಾನಿನ ನೆಲದಲ್ಲಿ ನಡೆಯುವ ಕೆಲಸವೇ ಒಂದು ಮೊಳದ ಜಾಗದಲ್ಲಿ ನಡೆಯುತ್ತಿರುವುದು ಕಾಣುವುದು. ಹೊದಿಕೆ ತೆಳುವಾದಾಗಲೆಲ್ಲ ಮತ್ತೊಂದು ಹಿಡಿ ಕಸವನ್ನು ಹಾಕುತ್ತಿರತಕ್ಕದ್ದು.